ಹೋಂವರ್ಕಿನ ಪ್ಯಾಸಿವ್ ವಾಯ್ಸ್: ತಪ್ಪು ಎಲ್ಲಿಂದ ಬರುತ್ತದೆ?

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಹೋಂವರ್ಕಿನಲ್ಲಿ ‘ದಿ ಲೀವ್ಸ್ ವಾಸ್ ಬಾಯಿಲ್ಡ್’ ಎಂದು ಬರೆಯುವುದುಂಟು. ‘ವಾಸ್’ ಹೊಡೆದುಹಾಕಿ ‘ವರ್’ ಎಂದು ನಾವೇ ತಿದ್ದಿದರೆ ಆ ಪ್ರಶ್ನೆ ಮುಗಿಯುತ್ತದೆ. ಮುಂದಿನ ವಾಕ್ಯದಲ್ಲಿ ಅದೇ ತಪ್ಪು ಮರಳಬಹುದು.

ಇದು ಬರೀ ಅಜಾಗರೂಕತೆಯಲ್ಲ. ವಿಜ್ಞಾನ ಪಾಠದಲ್ಲಿ ಮಗು ‘ಎಲೆಗಳನ್ನು ಕುದಿಸಲಾಯಿತು’ ಎಂಬಂಥ ವಾಕ್ಯಗಳನ್ನು ಓದಿರುತ್ತದೆ. ಇಲ್ಲಿ ‘ಎಲೆಗಳನ್ನು’ ದ್ವಿತೀಯಾ ವಿಭಕ್ತಿಯಲ್ಲೇ ಉಳಿದಿದೆ. ಎಲೆ ಒಂದಿರಲಿ, ಹತ್ತಿರಲಿ, ‘ಕುದಿಸಲಾಯಿತು’ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಕರ್ಮಪದವೇ ಕರ್ತೃಪದದ ಸ್ಥಾನಕ್ಕೆ ಬರುತ್ತದೆ. ಕ್ರಿಯಾಪದ ಅದರ ವಚನವನ್ನು ಅನುಸರಿಸುತ್ತದೆ. ‘ಲೀಫ್’ ಆದರೆ ‘ವಾಸ್’, ‘ಲೀವ್ಸ್’ ಆದರೆ ‘ವರ್’.

ಆದ್ದರಿಂದ ಉತ್ತರ ಹೇಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಕ್ರಿಯೆ ಯಾವುದರ ಮೇಲೆ ನಡೆಯಿತು? ಅದು ಒಂದೋ, ಹಲವೋ? ಯಾವ ಕಾಲ? ಮೊದಲನೆಯ ಉತ್ತರದಿಂದ ವಾಕ್ಯ ಆರಂಭವಾಗುತ್ತದೆ. ಉಳಿದೆರಡರಿಂದ ‘ಈಸ್, ಆರ್, ವಾಸ್, ವರ್’ಗಳಲ್ಲಿ ಯಾವುದು ಬೇಕೆಂದು ತಿಳಿಯುತ್ತದೆ. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ.

ಬಳಿಕ ‘ಎಲೆಯನ್ನು ತೊಳೆಯಲಾಯಿತು’, ‘ಬೀಜಗಳನ್ನು ನೆನೆಸಲಾಯಿತು’ ಎಂಬ ಎರಡು ಹೊಸ ವಾಕ್ಯ ಕೊಡಬೇಕು. ಇವನ್ನು ಮಗು ತಾನಾಗಿ ಸರಿಯಾಗಿ ಬರೆದರೆ ನಮ್ಮ ನೆರವು ತಲುಪಿದೆ ಎಂದರ್ಥ.