ಹೆಸರಿಲ್ಲದವರಿಗಾಗಿ ಅಳುವುದು ಹೇಗೆ?

1992ರ ಅಕ್ಟೋಬರ್ 3. ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಹಾಡು ಮುಗಿಸಿ, ಪೋಪ್ ಎರಡನೇ ಜಾನ್ ಪಾಲ್ ಅವರ ಫೋಟೊವನ್ನು ಕ್ಯಾಮೆರಾ ಮುಂದೆ ಹಿಡಿದು ಹರಿದುಹಾಕಿದರು. ಆ ಕ್ಲಿಪ್ಪನ್ನು ನೀವೂ ನೋಡಿರಬಹುದು. ಎರಡು ವಾರದ ಬಳಿಕ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ವೇದಿಕೆಗೆ ಬಂದಾಗ ಸಭಿಕರು ಕೂಗಾಡಿದರು. ಇವಳಿಗೆ ಸಿಟ್ಟು ನೆತ್ತಿಗೇರಿದೆ ಅಂತ ಎಲ್ಲರೂ ತೀರ್ಮಾನಿಸಿದರು.

ಸಿಟ್ಟು ಇತ್ತು, ನಿಜ. ಆದರೆ ಹರಿದ ಆ ಫೋಟೊ ತೀರಿಹೋದ ಅವರ ತಾಯಿಯ ಕೋಣೆಯ ಗೋಡೆಯ ಮೇಲಿದ್ದದ್ದು. ಹದಿಹರೆಯದಲ್ಲಿ ಶಿನೇಡ್ ಸುಮಾರು ಒಂದೂವರೆ ವರ್ಷ ಕಳೆದದ್ದು ಡಬ್ಲಿನ್‌ನ ಹೈ ಪಾರ್ಕ್‌ನಲ್ಲಿ ಕ್ಯಾಥೊಲಿಕ್ ನನ್‌ಗಳು ನಡೆಸುತ್ತಿದ್ದ ಒಂದು ಸಂಸ್ಥೆಯಲ್ಲಿ. ಅದೇ ಆವರಣದಲ್ಲಿ ಒಂದು ‘ಮ್ಯಾಗ್ಡಲೀನ್ ಲಾಂಡ್ರಿ’ಯೂ ಇತ್ತು. ಇಷ್ಟು ಗೊತ್ತಾದ ಮೇಲೆ ಆ ಕ್ಲಿಪ್ ನೋಡಿದರೆ ಅದರಲ್ಲಿ ಸಿಟ್ಟಿನ ಜತೆ ಶೋಕವೂ ಕಾಣುತ್ತದೆ.

ಮ್ಯಾಗ್ಡಲೀನ್ ಲಾಂಡ್ರಿ ಅಂದರೆ ಬಟ್ಟೆ ಒಗೆಯುವ ಕಾರ್ಖಾನೆ ಮತ್ತು ಜೈಲು, ಎರಡೂ ಒಂದೇ ಗೋಡೆಯೊಳಗೆ. ಮದುವೆಯಾಗದೆ ಬಸಿರಾದವರು, ಅನಾಥರು, ಮನೆಯವರಿಗೆ ‘ಭಾರ’ವಾದವರು, ಸುಮ್ಮನೆ ‘ದಾರಿ ತಪ್ಪಬಹುದು’ ಎನಿಸಿದ ಹುಡುಗಿಯರು ಇಲ್ಲಿ ಸಂಬಳವಿಲ್ಲದೆ ಹೋಟೆಲ್, ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿದ್ದರು. ಒಳಗೆ ಹೋದ ದಿನವೇ ಹಲವರ ಹೆಸರು ಬದಲಾಗುತ್ತಿತ್ತು, ಯಾವುದೋ ಸಂತಳ ಹೆಸರು ಅಂಟಿಕೊಳ್ಳುತ್ತಿತ್ತು. 2013ರ ಮೆಕಲೀಸ್ ವರದಿಯ ಪ್ರಕಾರ 1922ರಿಂದ 1996ರವರೆಗೆ ಇಂಥ 10 ಲಾಂಡ್ರಿಗಳಿಗೆ ಸುಮಾರು 10,000 ಹೆಂಗಸರು ಸೇರಿದ್ದರು. ಹೇಗೆ ಬಂದರು ಎಂಬುದು ದಾಖಲಾಗಿರುವ ಪ್ರಕರಣಗಳಲ್ಲಿ ಕಾಲುಭಾಗಕ್ಕೂ ಹೆಚ್ಚಿನವುಗಳಲ್ಲಿ ಸರ್ಕಾರದ ಕೈ ಇತ್ತು. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರ ಅಕ್ಟೋಬರಿನಲ್ಲಿ. ನನ್ನ ವಯಸ್ಸಿನವರು ಆಗ ಪ್ರೈಮರಿ ಸ್ಕೂಲಿನಲ್ಲಿದ್ದೆವು.

ಈ ಕಥೆ ಹೊರಬಿದ್ದದ್ದು ಒಂದು ರಿಯಲ್ ಎಸ್ಟೇಟ್ ವ್ಯವಹಾರದಿಂದ. 1993ರಲ್ಲಿ ಹೈ ಪಾರ್ಕ್‌ನ ನನ್‌ಗಳು ಷೇರುಪೇಟೆಯಲ್ಲಿ ದುಡ್ಡು ಕಳೆದುಕೊಂಡು ಜಾಗ ಮಾರಿದರು. ಮಾರಿದ ಜಾಗದಲ್ಲಿ ಲಾಂಡ್ರಿಯ ಹೆಂಗಸರ ಸಮಾಧಿಗಳಿದ್ದವು. 133 ದೇಹ ತೆಗೆಯಲು ಅನುಮತಿ ಪಡೆದರು. ಅಗೆದಾಗ ಇನ್ನೂ 22 ಸಿಕ್ಕವು. ಹಲವರಿಗೆ ಮರಣ ಪ್ರಮಾಣಪತ್ರವೇ ಇರಲಿಲ್ಲ, ಕೆಲವರಿಗೆ ಲಾಂಡ್ರಿಯಲ್ಲಿ ಕೊಟ್ಟ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ. ಇಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಹೇಳುವುದಾದರೆ ಎಂಟ್ರಿ ಇದೆ, ಹೆಸರಿನ ಕಾಲಂ ಖಾಲಿ. ಬಹುತೇಕ ಎಲ್ಲರನ್ನೂ ದಹಿಸಿ ಗ್ಲಾಸ್ನೆವಿನ್ ಸ್ಮಶಾನಕ್ಕೆ ಸಾಗಿಸಲಾಯಿತು. ಇವರ ನೆನಪಿಗೆ 1996ರಲ್ಲಿ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿನ ಒಂದು ಬೆಂಚಿಗೆ ಫಲಕ ಹಾಕಿದರು. ಹತ್ತು ಸಾವಿರ ಹೆಂಗಸರಿಗೆ ಒಂದು ಬೆಂಚು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಅಳುವುದಕ್ಕೆ ಏನೇನು ಬೇಕು? ನಮ್ಮಲ್ಲಿ ಯಾರಾದರೂ ಸತ್ತರೆ ಮೊದಲು ಹೆಣ ಬೇಕು, ಹೆಸರು ಹಿಡಿದು ಕೂಗುವವರು ಬೇಕು, ಮಣ್ಣು ಕೊಡುವ ಜಾಗ ಬೇಕು, ವರ್ಷಾ ವರ್ಷ ನೆನೆಯಲು ಒಂದು ತಿಥಿ ಬೇಕು. ಲಾಂಡ್ರಿ ಈ ನಾಲ್ಕನ್ನೂ ಕಿತ್ತುಕೊಂಡಿತ್ತು. ಇನ್ನೂ ಹಿಂದಿನ ಒಂದು ಸಂಗತಿಯಿದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುವಂತೆಯೇ ಐರ್ಲೆಂಡಿನಲ್ಲಿಯೂ ‘ಕೀನಿಂಗ್’ ಎಂಬ ಪದ್ಧತಿ ಇತ್ತು. ಚರ್ಚಿಗೆ ಅದು ಹಿಡಿಸಲಿಲ್ಲ. 17ನೇ ಶತಮಾನದಿಂದಲೇ ಅದರ ವಿರುದ್ಧ ನಿರ್ಣಯಗಳನ್ನು ಹೊರಡಿಸುತ್ತಾ ಬಂತು. 20ನೇ ಶತಮಾನ ಶುರುವಾಗುವ ಹೊತ್ತಿಗೆ ಆ ಪದ್ಧತಿ ಬಹುತೇಕ ನಿಂತೇಹೋಗಿತ್ತು. ಅಂದರೆ ಈ ನಾಡಿನಲ್ಲಿ ಯಾರು ಹೇಗೆ ಅಳಬೇಕು ಅನ್ನುವುದನ್ನೂ ಚರ್ಚೇ ತೀರ್ಮಾನಿಸುತ್ತಿತ್ತು.

ಕಾನೂನೂ ಬಾಯಿ ಮುಚ್ಚಿಸಿತು. ಚರ್ಚಿನವರು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ಹಿಂಸೆ ಅನುಭವಿಸಿದ ಮಕ್ಕಳಿಗೆ 2002ರ ಕಾಯ್ದೆಯಡಿ ಪರಿಹಾರ ಸಿಕ್ಕಿತು. ಆದರೆ ತಮ್ಮ ಅರ್ಜಿ, ಪರಿಹಾರದ ವಿವರವನ್ನು ಬಹಿರಂಗಪಡಿಸುವುದು ಅಪರಾಧ, ಗರಿಷ್ಠ ಶಿಕ್ಷೆ 25,000 ಯೂರೊ ದಂಡ ಅಥವಾ ಎರಡು ವರ್ಷ ಜೈಲು, ಇಲ್ಲವೇ ಎರಡೂ. (ಲಾಂಡ್ರಿಯ ಹೆಂಗಸರನ್ನು ಈ ಯೋಜನೆಗೆ ಸೇರಿಸಿಕೊಳ್ಳಲೇ ಇಲ್ಲ, ಅದು ಬೇರೆ ಮಾತು.) ಕಲಾವಿದ ಡೊಮಿನಿಕ್ ಥಾರ್ಪ್ 2010ರ ತಮ್ಮ ಪ್ರದರ್ಶನಕ್ಕೆ ‘ರಿಡ್ರೆಸ್ ಸ್ಟೇಟ್’, ಅಂದರೆ ಪರಿಹಾರದ ಪ್ರಭುತ್ವ, ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಪರ್ಫಾರ್ಮೆನ್ಸ್ ಆರ್ಟ್ ಒಳಬರುವುದು ಇಲ್ಲಿಂದ. ನಾಟಕದಲ್ಲಿ ನಟಿ ಬಟ್ಟೆ ಒಗೆಯುವಂತೆ ನಟಿಸುತ್ತಾಳೆ. ಪರ್ಫಾರ್ಮೆನ್ಸ್ ಆರ್ಟ್‌ನಲ್ಲಿ ಕಲಾವಿದೆ ನಿಜಕ್ಕೂ ಒಗೆಯುತ್ತಾಳೆ, ಕೈ ನೋಯುವವರೆಗೆ. ಡಬ್ಲಿನ್‌ನ ಅಮಾಂಡಾ ಕೂಗನ್ ತಮ್ಮ ‘ಯೆಲ್ಲೊ’ ಪ್ರದರ್ಶನದಲ್ಲಿ ತಾವು ತೊಟ್ಟ ದೊಡ್ಡ ಹಳದಿ ಬಟ್ಟೆಯನ್ನು ಸೋಪಿನ ನೊರೆಯಲ್ಲಿ ಗಂಟೆಗಟ್ಟಲೆ ತಿಕ್ಕುತ್ತಾ ಕೂರುತ್ತಾರೆ. 2012ರಲ್ಲಿ ಅವರೂ ಸೇರಿ 11 ಕಲಾವಿದೆಯರು ಲಂಡನ್, ಡೆರಿ, ಡಬ್ಲಿನ್‌ಗಳಲ್ಲಿ ‘ಲೇಬರ್’ ಪ್ರದರ್ಶನ ನೀಡಿದರು. ಎಲ್ಲರೂ ಒಟ್ಟಿಗೆ, ಬಿಡದೆ ಎಂಟು ಗಂಟೆ, ಒಂದು ಶಿಫ್ಟಿನಷ್ಟು. ನೋಡುವವರಿಗೆ ಬೇಸರ ಬರುತ್ತದಾ? ಬರಬೇಕು. ಒಂದು ದಿನದ ಬೇಸರವೇ ಇಷ್ಟಾದರೆ ಮೂವತ್ತು ವರ್ಷದ್ದು ಎಷ್ಟು ಎಂಬ ಲೆಕ್ಕ ಆಗ ತಲೆಯಲ್ಲಿ ಶುರುವಾಗುತ್ತದೆ.

ಇವೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವುದು 2011ರ ‘ಲಾಂಡ್ರಿ’. ಲೂಯಿಸ್ ಲೋ ನಿರ್ದೇಶನದಲ್ಲಿ ಅನು ಪ್ರೊಡಕ್ಷನ್ಸ್ ತಂಡ (ಐರಿಷ್ ಹೆಸರು, ನಮ್ಮ ಅನು ಅಲ್ಲ) ಡಬ್ಲಿನ್ ಥಿಯೇಟರ್ ಫೆಸ್ಟಿವಲ್‌ಗೆ ಇದನ್ನು ಮಾಡಿತು. ಕೊನೆಯದಾಗಿ ಮುಚ್ಚಿದ ಶಾನ್ ಮೆಕ್‌ಡರ್ಮಟ್ ಸ್ಟ್ರೀಟಿನ ಆ ಲಾಂಡ್ರಿಯ ಕಟ್ಟಡವೇ ರಂಗ. ಪ್ರೇಕ್ಷಕರಿಗೆ ಕುರ್ಚಿಯಿಲ್ಲ, ಕತ್ತಲ ರಕ್ಷಣೆಯೂ ಇಲ್ಲ. ಕೆಲವೇ ಜನರನ್ನು ಒಳಗೆ ಬಿಟ್ಟು, ಬೇರೆ ಬೇರೆ ಮಾಡಿ, ಒಬ್ಬರಿಗೆ ಒಬ್ಬ ಕಲಾವಿದೆ ಎದುರಾಗುವಂತೆ ಮಾಡುತ್ತಿದ್ದರು. ಸೋಪಿನ ಘಾಟು ಮೂಗಿಗೆ ಬಡಿಯುತ್ತದೆ. ಒಬ್ಬಳು ಕೆಲವು ಹೆಸರು ಹೇಳಿ, ಇವನ್ನು ಮರೆಯಬೇಡಿ ಎನ್ನುತ್ತಾಳೆ. ಮುಂದಿನ ಕೋಣೆಗೆ ಹೋಗುವಾಗ ನೀವು ಆ ಹೆಸರುಗಳನ್ನು ಮನಸ್ಸಿನಲ್ಲೇ ಗುನುಗುತ್ತಿರುತ್ತೀರಿ, ಒಂದು ಜಾರಿಹೋದರೂ ಅಪರಾಧ ಮಾಡಿದಂತೆ ಅನಿಸುತ್ತದೆ. ಕೊನೆಗೆ ನಿಮ್ಮನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಅದೇ ಬಡಾವಣೆಯಲ್ಲಿ ಈಗಲೂ ನಡೆಯುತ್ತಿರುವ ಮಾಮೂಲಿ ಲಾಂಡ್ರಿಯೊಂದಕ್ಕೆ ಒಯ್ಯುತ್ತಾರೆ.

ಟ್ಯಾಕ್ಸಿ ಯಾಕೆ ಮುಖ್ಯ ಅಂದರೆ, ಆ ಕಟ್ಟಡ ಇರುವುದು ಊರ ಹೊರಗಿನ ಬೆಟ್ಟದ ಮೇಲಲ್ಲ, ಜನನಿಬಿಡ ಬೀದಿಯಲ್ಲಿ. ಎದುರು ಮನೆಗಳಿವೆ. ಬಟ್ಟೆ ಗಂಟು ಒಳಗೆ ಹೋಗುವುದು, ಒಗೆದು ಹೊರಗೆ ಬರುವುದು ಎಲ್ಲರಿಗೂ ಕಾಣುತ್ತಿತ್ತು. ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಅಷ್ಟು ಸುಲಭವಲ್ಲ. ವರದಿ ಓದಿದವರು ಆರೋಪಿ ಯಾರೆಂದು ಹುಡುಕುತ್ತಾರೆ. ಇಲ್ಲಿ ನಡೆದಾಡಿದವರು ನಾನು ಆಗ ಈ ಬೀದಿಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿಕೊಳ್ಳಬೇಕಾಗುತ್ತದೆ.

ಇದಕ್ಕೆ ತಕರಾರು ಇಲ್ಲದಿಲ್ಲ. ಟಿಕೆಟ್ ಕೊಂಡು ಹೋಗಿ ಬೇರೆಯವರ ನೋವಿಗೆ ಅತ್ತು ಬಂದರೆ ಯಾರಿಗೆ ಲಾಭ? ಬದುಕುಳಿದ ಹೆಂಗಸರು ಪಿಂಚಣಿಗಾಗಿ ಹೋರಾಡುತ್ತಿದ್ದಾಗ ಕಲಾವಿದರಿಗೆ ಚಪ್ಪಾಳೆ ಸಿಕ್ಕಿದ್ದು ಸರಿಯಾ? ನನಗೂ ಈ ಅನುಮಾನ ಪೂರ್ತಿ ಹೋಗಿಲ್ಲ. ಕಣ್ಣೀರು ಸರ್ಕಾರಗಳಿಗೂ ಬರುತ್ತದೆ ನೋಡಿ. 2013ರ ಫೆಬ್ರವರಿ 19ರಂದು ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಅದೇ ಹೊತ್ತಿಗೆ ಮೆಕಲೀಸ್ ಸಮಿತಿ ನನ್‌ಗಳಿಂದ ಪಡೆದ ದಾಖಲೆಗಳು ಅವರಿಗೇ ವಾಪಸ್ ಹೋದವು, ಸಮಿತಿಯ ಬಳಿಯಿದ್ದ ಪ್ರತಿಗಳು ನಾಶವಾದವು. ಪರಿಹಾರ ನಿಧಿಗೆ ದುಡ್ಡು ಕೊಡುವುದಿಲ್ಲ ಎಂದು ಲಾಂಡ್ರಿ ನಡೆಸಿದ ನಾಲ್ಕು ಸಂಘಗಳೂ ಹೇಳಿದವು. 2019ರಲ್ಲಂತೂ ವಸತಿ ಶಾಲೆಗಳ ಸಾಕ್ಷ್ಯವನ್ನು 75 ವರ್ಷ ಮುಚ್ಚಿಡುವ ಮಸೂದೆ ಬಂತು. ವಿರೋಧ ಎದ್ದಿದ್ದರಿಂದ ಪಾಸಾಗಲಿಲ್ಲ. ಕಡತ ಬಿಚ್ಚದೆ ಸ್ಮಾರಕ ಕಟ್ಟಲು ಯಾವ ಸರ್ಕಾರವಾದರೂ ರೆಡಿ. ಹಾಗಾಗಿ ಶೋಕದ ಪ್ರದರ್ಶನವನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇದು ಕಡತದ ಬೇಡಿಕೆಯನ್ನು ಜೋರು ಮಾಡಿತಾ, ತಣ್ಣಗೆ ಮಾಡಿತಾ?

2018ರ ಬೇಸಿಗೆ ಜೋರು ಮಾಡಿತು. ಮೇ 25ರ ಗರ್ಭಪಾತ ಜನಮತಗಣನೆಯ ದಿನಗಳಲ್ಲಿ ಡಬ್ಲಿನ್‌ನ ಒಂದು ಗೋಡೆಯ ಮೇಲೆ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರ ಮುಖ ಮೂಡಿತು. 2012ರಲ್ಲಿ ಗಾಲ್ವೆಯಲ್ಲಿ ಗರ್ಭಪಾತ ನಿರಾಕರಿಸಿದ ಬಳಿಕ ಆಕೆ ಸತ್ತದ್ದು ಸರ್ಕಾರಿ ಆಸ್ಪತ್ರೆಯಲ್ಲಿ, ಮಠದಲ್ಲಲ್ಲ. ಆದರೆ ಅಡ್ಡ ನಿಂತ ಕಾನೂನಿನ ಹಿಂದೆ ಅದೇ ಚರ್ಚಿನ ನೆರಳಿತ್ತು. ಜನ ಬಂದು ಚೀಟಿ ಅಂಟಿಸಿದರು, ಬಹಳಷ್ಟು ಚೀಟಿಗಳಲ್ಲಿ ಕ್ಷಮೆಯಾಚನೆ. ಮಳೆಗೆ ಹೋಗಬಾರದೆಂದು ಡಬ್ಲಿನ್ ನಗರದ ಗ್ರಂಥಾಲಯ ಅವನ್ನು ಸಂಗ್ರಹಿಸಿಟ್ಟಿತು. ಜೂನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಲಾಂಡ್ರಿ ಸಂತ್ರಸ್ತೆಯರನ್ನು ಡಬ್ಲಿನ್ ಬೀದಿಯಲ್ಲಿ ನಿಂತು ಸ್ವಾಗತಿಸಿತು. ಸೆಪ್ಟೆಂಬರ್‌ನಲ್ಲಿ ನಗರಸಭೆ, ಶಾನ್ ಮೆಕ್‌ಡರ್ಮಟ್ ಸ್ಟ್ರೀಟಿನ ಕಟ್ಟಡವನ್ನು ಜಪಾನಿನ ಹೋಟೆಲ್ ಕಂಪನಿಗೆ ಮಾರುವುದನ್ನು ಮತ ಹಾಕಿ ತಡೆಯಿತು. 2022ರಲ್ಲಿ ಅಲ್ಲಿ ರಾಷ್ಟ್ರೀಯ ಸ್ಮರಣೆ ಮತ್ತು ಸಂಶೋಧನಾ ಕೇಂದ್ರ ಮಾಡಲು ಸರ್ಕಾರ ಒಪ್ಪಿತು, ದಾಖಲೆಗಳೂ ಅಲ್ಲಿಗೆ ಬರಬೇಕು ಎಂಬ ಮಾತಿನೊಂದಿಗೆ.

2018ರ ಆಗಸ್ಟ್ 26ರಂದು ಪೋಪ್ ಫ್ರಾನ್ಸಿಸ್ ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ದೊಡ್ಡ ಪೂಜೆ ನಡೆಸಿದರು. ಆ ಮಧ್ಯಾಹ್ನ ಟ್ಯೂಮ್ ಎಂಬ ಸಣ್ಣ ಊರಿನಲ್ಲಿ ಜನ ಸೇರಿ ಹೆಸರುಗಳನ್ನು ಓದಿದರು. ಅಲ್ಲಿನ ನನ್‌ಗಳ ತಾಯಿ-ಮಗು ಆಶ್ರಮದಲ್ಲಿ 1925ರಿಂದ 1961ರವರೆಗೆ ಸತ್ತ 796 ಮಕ್ಕಳ ಮರಣ ದಾಖಲೆಗಳನ್ನು ಒಂದೊಂದಾಗಿ ಹುಡುಕಿ ತೆಗೆದವರು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್. ಹೂತ ದಾಖಲೆ ಇರಲಿಲ್ಲ. 2017ರಲ್ಲಿ ಕೊಳಚೆ ನೀರಿನ ವ್ಯವಸ್ಥೆಯಂತಿದ್ದ ನೆಲದಡಿಯ ಕೋಣೆಗಳಲ್ಲಿ ಮಕ್ಕಳ ಮೂಳೆಗಳು ಸಿಕ್ಕಿದ್ದವು. ಅವತ್ತು ವೇದಿಕೆಯಿಲ್ಲ, ನಿರ್ದೇಶಕರಿಲ್ಲ. ಬಂದವರ ಕೈಯಲ್ಲಿ ಒಂದು ಪಟ್ಟಿ, ಅದನ್ನು ಕೊನೆಯವರೆಗೆ ಓದುವುದು, ಅಷ್ಟೇ.

2025ರ ಜುಲೈನಲ್ಲಿ ಟ್ಯೂಮ್‌ನ ಆ ಜಾಗದಲ್ಲಿ ಅಗೆತ ಶುರುವಾಗಿದೆ. ಬೆರೆತುಹೋದ ಮೂಳೆಗಳನ್ನು ಬೇರ್ಪಡಿಸಿ, ಬದುಕಿರುವ ಒಡಹುಟ್ಟಿದವರ ಡಿಎನ್‌ಎ ಜತೆ ಹೋಲಿಸುವ ಕೆಲಸ. ಹೆಸರುಗಳ ಪಟ್ಟಿ ಸಿದ್ಧವಿದೆ. ಯಾವ ಮೂಳೆ ಯಾವ ಹೆಸರಿನದು ಎಂಬುದು ಇನ್ನು ಗೊತ್ತಾಗಬೇಕು.