ನಾರ್ಮಲ್ ಎಂದರೂ ನಂಬಲಾಗದ ಕ್ರಿಯಾಟಿನಿನ್

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.1 ಬಂದಿದೆ ಎನ್ನಿ. 25 ವರ್ಷದ ಯುವಕನಲ್ಲಾದರೆ ಕಿಡ್ನಿಗಳು ನಿಮಿಷಕ್ಕೆ ಸುಮಾರು 95 ಮಿಲಿಲೀಟರ್‌ನಷ್ಟು ಸೋಸುತ್ತಿವೆ ಎಂದು ಲೆಕ್ಕ. ಅದೇ 1.1 ಅಂಕಿ 65 ವರ್ಷದ ಹೆಂಗಸಿಗೆ ಬಂದರೆ ಸೋಸುವ ಪ್ರಮಾಣ 56ರ ಆಸುಪಾಸು. ಇದು 60ಕ್ಕಿಂತ ಕೆಳಗಿಳಿದು ಮೂರು ತಿಂಗಳಿಗೂ ಹೆಚ್ಚು ಕಾಲ ಹಾಗೇ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಆದರೂ ಎಷ್ಟೋ ಲ್ಯಾಬ್‌ಗಳ ಹಾಳೆಯಲ್ಲಿ ಇಬ್ಬರದೂ ನಾರ್ಮಲ್ಲೇ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ಸೋಸಿ ಹೊರಹಾಕುವುದು ಕಿಡ್ನಿ. ವಯಸ್ಸಾಗಿ ಮೈ ಇಳಿದವರಲ್ಲಿ, ಮೊದಲಿನಿಂದಲೂ ಸಣಕಲಾಗಿರುವವರಲ್ಲಿ ಅದರ ಉತ್ಪತ್ತಿಯೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಮೇಲೇರದೆ ಇರಬಹುದು. ಇನ್ನೂ ಒಂದು ತೊಡಕಿದೆ. 0.6 ಇದ್ದದ್ದು 1.2 ಆದರೆ ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. 4 ಇದ್ದದ್ದು 4.6 ಆದರೆ ಉಳಿದಿದ್ದ ಅಲ್ಪ ಶಕ್ತಿಯಲ್ಲಿ ಇನ್ನೂ ಸ್ವಲ್ಪ ಹೋದಂತೆ. ಮನೆಯವರು ಗಾಬರಿಯಾಗುವುದು ಎರಡನೆಯದಕ್ಕೆ. ಮೊದಲನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಹಳೆಯ ರಿಪೋರ್ಟುಗಳನ್ನು ಎಸೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹೋದ ವರ್ಷದ ನಿಮ್ಮದೇ ಅಂಕಿಯ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಈ ಸಂಖ್ಯೆಗೆ ಅರ್ಥ ಬರುತ್ತದೆ.

ಸೋಸುವ ಪ್ರಮಾಣವನ್ನು ಲೆಕ್ಕ ಹಾಕಲು ರಕ್ತದಲ್ಲಿ ಅಳೆಯುವ ಇನ್ನೊಂದು ವಸ್ತು, ಸಿಸ್ಟಾಟಿನ್-ಸಿ ಎಂಬ ಪುಟ್ಟ ಪ್ರೋಟೀನು, ಸ್ನಾಯುಗಳನ್ನು ನೆಚ್ಚಿಕೊಂಡಿಲ್ಲ. ಕೋಶಕೇಂದ್ರವಿರುವ ಎಲ್ಲ ಜೀವಕೋಶಗಳೂ ಅದನ್ನು ತಯಾರಿಸುತ್ತವೆ. ಆದರೆ ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಮಾತ್ರೆ, ಬೊಜ್ಜು ಅದನ್ನೂ ಏರುಪೇರು ಮಾಡುತ್ತವೆ, ಪರೀಕ್ಷೆಗೆ ಖರ್ಚೂ ಜಾಸ್ತಿ. ಕ್ರಿಯಾಟಿನಿನ್, ಸಿಸ್ಟಾಟಿನ್-ಸಿ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದನ್ನೇ ನಂಬಿದ್ದಕ್ಕಿಂತ ನಿಖರ.

ಕಾಯಿಲೆ ಎಷ್ಟು ವೇಗವಾಗಿ ಮುಂದುವರಿಯುತ್ತದೆ ಎಂಬುದಕ್ಕೆ ಮಾತ್ರ ರಕ್ತ ಸಾಲದು, ಮೂತ್ರವನ್ನೂ ನೋಡಬೇಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದ್ದರೆ ಎಚ್ಚರಿಕೆ, 300 ದಾಟಿದರೆ ಅಪಾಯ ಬಹಳ ಹೆಚ್ಚು. 2011ರಲ್ಲಿ ಕೆನಡಾದ ನವದೀಪ್ ತಂಗ್ರಿ ಮತ್ತು ಸಂಗಡಿಗರು ವಯಸ್ಸು, ಲಿಂಗ, ಸೋಸುವ ಪ್ರಮಾಣ, ಮೂತ್ರದ ಆಲ್ಬುಮಿನ್ ಈ ನಾಲ್ಕರಿಂದಲೇ ಮುಂದೆ ಡಯಾಲಿಸಿಸ್ ಅಥವಾ ಕಸಿಯ ಅಗತ್ಯ ಬೀಳುವ ಸಂಭವವನ್ನು ಅಂದಾಜಿಸುವ ಸೂತ್ರ ಕೊಟ್ಟರು. ಕ್ಯಾಲ್ಸಿಯಂ, ಫಾಸ್ಫೇಟ್, ಬೈಕಾರ್ಬನೇಟ್, ರಕ್ತದ ಆಲ್ಬುಮಿನ್ ಸೇರಿಸಿದ ಇನ್ನೊಂದು ರೂಪವೂ ಇದೆ.

ಕಿಡ್ನಿಯ ರಕ್ಷಣೆಗೆಂದು ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಡಾಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆ ಶುರುಮಾಡಿದ ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದುಂಟು. ‘ಮಾತ್ರೆ ತಿಂದೇ ಕಿಡ್ನಿ ಹೋಯಿತು’ ಎಂದು ಹೆದರಿ ಬಿಟ್ಟುಬಿಡುವವರಿದ್ದಾರೆ. ಈ ಔಷಧಗಳು ಸೋಸುವ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವನ್ನು ತಗ್ಗಿಸುತ್ತವೆ. ಆ ಏರಿಕೆ ಅದರ ಫಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ವರ್ಗದಲ್ಲಿ ನಾಲ್ಕು ವಾರದೊಳಗೆ ಶೇ 30ರವರೆಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅದಕ್ಕೂ ಮೀರಿದರೆ ನಿರ್ಜಲೀಕರಣವೋ, ಕಿಡ್ನಿಯ ರಕ್ತನಾಳ ಕಿರಿದಾಗಿದೆಯೋ, ನೋವಿನ ಮಾತ್ರೆಯೂ ಜೊತೆಗೆ ಸೇರಿದೆಯೋ ಎಂದು ಹುಡುಕುತ್ತಾರೆ.