ಐದು ದಿನದಲ್ಲಿ ತಪ್ಪಿದ ಹಬ್ಬ

ವಿಯೆನ್ನಾದ ಬುರ್ಗ್‌ಗಾರ್ಟನ್ ಉದ್ಯಾನದಲ್ಲಿ ಅಮೃತಶಿಲೆಯ ಮೊಝಾರ್ಟ್ ನಿಂತಿದ್ದಾನೆ. ಎದುರಿನ ಹುಲ್ಲುಹಾಸಿನಲ್ಲಿ ಸ್ವರಲಿಪಿಯ ಚಿಹ್ನೆಯೊಂದರ ಆಕಾರಕ್ಕೆ ಹೂಗಿಡ ಬೆಳೆಸಿದ್ದಾರೆ. ಪ್ರವಾಸಿಗರ ಫೋಟೊಗಳಲ್ಲಿ ಮೊದಲ ಮಣೆ ಆ ಹೂವಿಗೆ, ಆಮೇಲೆ ಮೊಝಾರ್ಟ್‌ಗೆ. ಕಡೆದವನ ಹೆಸರು ಕೇಳುವವರು ಎಷ್ಟು ಮಂದಿಯೋ!

ಅವನು ವಿಕ್ಟರ್ ಟಿಲ್ಗ್ನರ್. ಪ್ರತಿಮೆಯ ಅನಾವರಣ ನಡೆದದ್ದು 1896ರ ಏಪ್ರಿಲ್ 21ರಂದು. ಟಿಲ್ಗ್ನರ್ ತೀರಿಕೊಂಡದ್ದು ಏಪ್ರಿಲ್ 16ರಂದು, 51ನೇ ವಯಸ್ಸಿನಲ್ಲಿ. ಚಪ್ಪರ ಹಾಕಿದವನೇ ಹಬ್ಬದೂಟಕ್ಕೆ ಇಲ್ಲದಂತಾಯಿತು. ಅವನ ಬಗ್ಗೆ ಬರೆಯಬೇಕೆನಿಸಿದ್ದೇ ಈ ಐದು ದಿನಗಳಿಂದಾಗಿ.

ಹುಟ್ಟಿದ್ದು 1844ರಲ್ಲಿ, ಪ್ರೆಸ್‌ಬರ್ಗ್‌ನಲ್ಲಿ; ಇಂದಿನ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ಅದು. ಬೆಳೆದದ್ದು, ಕಲಿತದ್ದು ವಿಯೆನ್ನಾದಲ್ಲಿ. ಕಾಲವೂ ಕೂಡಿ ಬಂದಿತ್ತು. ಹಳೆಯ ಕೋಟೆಗೋಡೆ ಕೆಡವಲು ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರಲ್ಲಿ ಅಪ್ಪಣೆ ಕೊಟ್ಟಿದ್ದ. ಆ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ಹೆಬ್ಬೀದಿ ಹರಡಿತು. ಅದರ ಉದ್ದಕ್ಕೂ ನಾಟಕಶಾಲೆ, ವಸ್ತುಸಂಗ್ರಹಾಲಯ, ಸಂಸತ್ತು. ಒಂದೊಂದು ಕಟ್ಟಡಕ್ಕೂ ದೇವತೆಗಳು ಬೇಕು, ಕವಿಗಳ ತಲೆಗಳು ಬೇಕು. ಶಿಲ್ಪಿಗಳಿಗೆ ದಶಕಗಟ್ಟಲೆ ಕೈತುಂಬ ಕೆಲಸ.

1873ರಲ್ಲಿ ನಟಿ ಶಾರ್ಲೋಟ್ ವೋಲ್ಟರ್‌ಳ ಎದೆಮಟ್ಟದ ಪ್ರತಿಮೆ ಟಿಲ್ಗ್ನರ್‌ಗೆ ಹೆಸರು ತಂದಿತು. ಮರುವರ್ಷ ಚಿತ್ರಕಾರ ಹನ್ಸ್ ಮಕಾರ್ಟ್ ಜೊತೆ ಇಟಲಿಗೆ ಹೋಗಿಬಂದ. ಬರೊಕ್ ಶೈಲಿಯ ಕುಣಿತ ಅವನ ಕೈಗೆ ಹತ್ತಿತು. 1888ರಲ್ಲಿ ತೆರೆದ ಬುರ್ಗ್‌ಥಿಯೇಟರ್‌ನ ಮುಂಭಾಗದಲ್ಲಿ ಶೇಕ್ಸ್‌ಪಿಯರ್, ಗಯಟೆ, ಮೊಲಿಯೇರ್ ಮೊದಲಾದ ಒಂಬತ್ತು ನಾಟಕಕಾರರ ತಲೆಗಳು ಅವನವು. ಕೆಳಗೆ ಬೀದಿಯಲ್ಲಿ ನಿಂತವರಿಗೆ ಕಾಣುವಂತೆ ಹುಬ್ಬಿನ ನೆರಳನ್ನೂ ಕೂದಲಿನ ಸುರುಳಿಯನ್ನೂ ತುಸು ಆಳವಾಗಿ ತೋಡಬೇಕು. ಹತ್ತಿರದಿಂದ ಒರಟಾಗಿ ಕಂಡದ್ದು ದೂರಕ್ಕೆ ಜೀವಂತ.

ಆ ಕಾಲದ ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ರೂಪಿಸುತ್ತಿದ್ದ, ಬಳಿಕ ಅದರ ಅಚ್ಚಿನಿಂದ ಪ್ಲಾಸ್ಟರ್ ಪ್ರತಿ ತೆಗೆಯುತ್ತಿದ್ದ. ಅಲ್ಲಿಂದ ಅಳತೆ ಹಿಡಿದು ಕಲ್ಲಿಗೆ ಇಳಿಸುತ್ತಿದ್ದವರು ಹೆಚ್ಚಾಗಿ ಸಹಾಯಕರು. ಅವರ ಹೆಸರು ಕಲ್ಲಿನಲ್ಲಂತೂ ಇರುತ್ತಿರಲಿಲ್ಲ. ಕಟ್ಟಡ ಕೊನೆಗೆ ವಾಸ್ತುಶಿಲ್ಪಿಯ ಹೆಸರಿಗೇ ಜಮೆ.

ಟಿಲ್ಗ್ನರ್ ಸತ್ತ ಮರುವರ್ಷವೇ ವಿಯೆನ್ನಾದಲ್ಲಿ ಹಳೆಯ ಶೈಲಿಗಳಿಗೆ ಬೆನ್ನು ತಿರುಗಿಸಿದ ಸೆಸೆಷನ್ ಕಲಾಬಳಗ ಹುಟ್ಟಿತು. ಮುಂದೆ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕಾರವನ್ನು ಅಪರಾಧದ ಸಾಲಿಗೇ ಸೇರಿಸಿದ. ಟಿಲ್ಗ್ನರ್‌ನ ಬಗೆಯ ಕೆಲಸ ಹಳೆಯ ಸಂಭ್ರಮವಾಗಿಬಿಟ್ಟಿತು. ಲೂಸ್‌ನ ಮಾತನ್ನು ನಾನು ಒಪ್ಪಲಾರೆ. ಆ ಒಂಬತ್ತು ತಲೆಗಳನ್ನು ತೆಗೆದರೆ ಬುರ್ಗ್‌ಥಿಯೇಟರ್‌ಗೆ ಮುಖವೇ ಇರದು.

ಇನ್ನು ಅವನ ಮೊಝಾರ್ಟ್ ಮೊದಲು ನಿಂತದ್ದು ಆಲ್ಬರ್ಟಿನಾ ಕಲಾಸಂಗ್ರಹಾಲಯದ ಬಳಿಯ ಚೌಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೆಟ್ಟು ತಿಂದು, 1953ರಲ್ಲಿ ಈ ಉದ್ಯಾನಕ್ಕೆ ಬಂದ. ಅತ್ತ ಕಡೆ ಹೋಗುವವರಿಗೊಂದು ಮಾತು. ಹೂವಿನ ಮುಂದೆ ಫೋಟೊ ಆದ ಮೇಲೆ ಪೀಠದ ಹಿಂದಕ್ಕೂ ಒಮ್ಮೆ ಸುತ್ತಿ ಬನ್ನಿ. ಅಲ್ಲಿ ಉಬ್ಬುಶಿಲ್ಪದಲ್ಲಿ ಪುಟ್ಟ ಮೊಝಾರ್ಟ್ ಅಪ್ಪ, ಅಕ್ಕನ ಜೊತೆ ಇದ್ದಾನೆ.